ಎರಡು ಸೂಜಿಯ ಹೊಲಿಗೆ

"ಎತ್ತಬೇಡ, ತಳ್ಳು! ಎತ್ತಿದ್ರೆ ಸೊಂಟ ಹಿಡ್ಕೊಳ್ಳುತ್ತೆ," ಎಂದು ಲಾರಿಭಾವ ಕೂಗುವಷ್ಟರಲ್ಲಿ ಮೇಜಿನ ಕಾಲು ಹಾಸುಗಲ್ಲಿನ ಸಂದಿಗೆ ಸಿಕ್ಕಿಬಿತ್ತು. ಮರಿಯ ಕೈ ಗೋಡೆಗೂ ಹಲಗೆಗೂ ನಡುವೆ ಸಿಕ್ಕಿ ಜಜ್ಜಿತು. ಅವಳು ಹಾ ಎನ್ನಲಿಲ್ಲ. ಕೈ ಎಳೆದುಕೊಂಡು, ಒಮ್ಮೆ ಕೊಡವಿ, ಮತ್ತೆ ಹೆಗಲು ಕೊಟ್ಟಳು.

ಒಳಕೋಣೆಯಿಂದ ಅತ್ತೆಯ ಶವದ ಪೆಟ್ಟಿಗೆ ಬೀದಿಗೆ ಹೋಗಬೇಕಾದರೆ ಈ ಮೇಜು ಸರಿಯಲೇಬೇಕಿತ್ತು. ಹಿತ್ತಿಲ ಬಾಗಿಲು ಒಬ್ಬರು ಅಡ್ಡಡ್ಡ ತಿರುಗಿ ನುಸುಳುವಷ್ಟು ಕಿರಿದು. ಮುಂದಿನ ಬಾಗಿಲೆಂದರೆ ಅಂಗಡಿಯ ಬಾಗಿಲೇ. ಅಂಗಡಿಯ ತುಂಬ ಈ ಒಂದೇ ಮೇಜು. ಅತ್ತೆ ತನ್ನ ಆಯಸ್ಸನ್ನೆಲ್ಲ ಇದರ ಮುಂದೆ ಕೂತು ಸೈಕಲ್ ಸೀಟಿನ ಹಿಂದೆ ಕಟ್ಟುವ ಚರ್ಮದ ಚೀಲ ಹೊಲಿದು ಕಳೆದಿದ್ದಳು. ಬೀದಿಯವರ ಬಾಯಲ್ಲಿ ಅವಳು ಚೀಲದಮ್ಮ. ಅವಳು ಸಾಕಿ ಬೆಳೆಸಿದ ಹುಡುಗಿ, ಅಣ್ಣನ ಮಗಳು, ಮರಿ. ತಲೆ ಪೂರ್ತಿ ನೆರೆತು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಬೆರಳು ಸವೆದಿದ್ದರೂ ಬೀದಿಗೆಲ್ಲ ಅವಳು ಇನ್ನೂ ಮರಿಯೇ.

ಮೇಜು ಕೊನೆಗೂ ಕಿರ್ರೆಂದು ಸರಿಯಿತು. ಅದರಡಿಯ ಕಲ್ಲು ಬೇರೆಯೇ ಬಣ್ಣಕ್ಕಿತ್ತು. ಲಾರಿಭಾವ ಏದುಸಿರು ಬಿಡುತ್ತ ಕಿಟಕಿಯ ಬಳಿಯಿದ್ದ ಮೂರು ಕಾಲಿನ ಸ್ಟೂಲನ್ನು ಪಾದದಿಂದಲೇ ಎಳೆದುಕೊಂಡು ಧಪ್ಪೆಂದು ಕೂತ.

ಪಕ್ಕದ ಮನೆಯ ಟೈಲರಮ್ಮನ ಕೈಯ ಪೊರಕೆ ಅರ್ಧಕ್ಕೇ ನಿಂತಿತು.

"ಯಾಕೆ? ಏನಾಯ್ತು?" ಎಂದ ಅವನು. ಸತ್ತವಳ ಅಕ್ಕನ ಮಗ. ದೂರದೂರಿಗೆ ಲಾರಿ ಹೊಡೆಯುವವನು. ಈ ಮನೆಗೆ ಬಂದು ಎಷ್ಟೋ ಕಾಲವಾಗಿತ್ತು.

"ಅದು ಮರಿ ಅಪ್ಪನ ಸ್ಟೂಲು ಕಣಪ್ಪ," ಎಂದಳು ಟೈಲರಮ್ಮ, ದನಿ ತಗ್ಗಿಸಿ. "ಅದರ ಮೇಲೆ ಯಾರೂ ಕೂರಲ್ಲ. ಬೆಕ್ಕು ಹತ್ತಿದ್ರೂ ಚೀಲದಮ್ಮ ಗದರಿಸಿ ಇಳಿಸ್ತಿದ್ಲು. ಅಣ್ಣ ಬಂದ್ರೆ ಎಲ್ಲಿ ಕೂರ್ತಾನೆ ಅನ್ನೋಳು."

ಭಾವ ಕೆಂಡ ತಗುಲಿದವನಂತೆ ಎದ್ದ. "ಮೊದಲೇ ಹೇಳಬಾರದಾ? ಚಿಕ್ಕಮ್ಮ ಎದ್ದು ಬಂದು ಬೈದಾಳು ಈಗ."

"ಕೂತ್ಕೋ ಭಾವ," ಎಂದಳು ಮರಿ. "ಸ್ಟೂಲು ಇರೋದೇ ಕೂರೋಕೆ."

ಅವನು ಕೂರಲಿಲ್ಲ. ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿ, ಮೊದಲಿದ್ದ ಜಾಗದಲ್ಲೇ ಇಟ್ಟು, ಸಮವಾಗಿದೆಯೇ ಎಂದು ಬಗ್ಗಿ ನೋಡಿದ.

ಮೇಜಿನ ಮೇಲೆ ಮರದ ಅಚ್ಚಿಗೆ ಸುತ್ತಿದ ಚರ್ಮವೊಂದು ಒಣಗುತ್ತಿತ್ತು. ಹಿಂದಿನ ದಿನ ಮಧ್ಯಾಹ್ನ ಅತ್ತೆ ಅದನ್ನು ನೀರಲ್ಲಿ ನೆನೆಸಿ, ಅಚ್ಚಿನ ಮೇಲೆ ಎಳೆದು ಕೂರಿಸಿ, "ಒಣಗಲಿ, ಒಂದು ಘಳಿಗೆ ಬೆನ್ನು ಚಾಚ್ತೀನಿ," ಎಂದು ಒಳಗೆ ಹೋದವಳು ಮತ್ತೆ ಏಳಲಿಲ್ಲ. ಒದ್ದೆ ಚರ್ಮದ ಮೇಲೆ ಬಿದ್ದ ಗುರುತು ಒಣಗಿದ ಮೇಲೂ ಹೋಗುವುದಿಲ್ಲ. ಮೂಲೆಯಲ್ಲಿ ಅತ್ತೆಯ ಹೆಬ್ಬೆರಳು ಒತ್ತಿದ ಹಳ್ಳ ಹಾಗೇ ಇತ್ತು. ಮರಿ ತನ್ನ ಹೆಬ್ಬೆರಳನ್ನು ಅದರ ಹತ್ತಿರಕ್ಕೆ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದಳು.

*

ಅಪ್ಪ ಚೀಲ ಹೊಲಿಯುವಾಗ ಮೇಜಿನ ಕೆಳಗೆ ಕೂತಿದ್ದದ್ದು ಮರಿಯ ಮೊದಮೊದಲ ನೆನಪು. ಅಲ್ಲಿಂದ ಕಾಣುತ್ತಿದ್ದದ್ದು ಅಪ್ಪನ ಮೊಣಕಾಲುಗಳು ಮಾತ್ರ. ಅವುಗಳ ನಡುವೆ ಮರದ ಇಕ್ಕಳ, ಅದರ ಬಾಯಲ್ಲಿ ಕಚ್ಚಿಸಿದ ಚರ್ಮ. ಉಳಿಯಿಂದ ಒಂದು ತೂತು ಚುಚ್ಚುವುದು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಒಂದು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ, ಅದೇ ತೂತಿನಲ್ಲಿ ಒಂದನ್ನೊಂದು ದಾಟಬೇಕು. ಆಮೇಲೆ ಎರಡೂ ಕೈ ಚಾಚಿ ಸರ್ರೆಂದು ಎಳೆಯುವುದು. ಮೇಣ ಹಚ್ಚಿದ ದಾರ ಬಿಗಿಯುವ ಸದ್ದು ಬೆಕ್ಕಿನ ಗುರುಗುಟ್ಟಿನಂತೆ ಕೇಳುತ್ತಿತ್ತು.

ದಾರಕ್ಕೆ ಮೇಣ ಹಚ್ಚಿಕೊಡುವುದು ಅತ್ತೆಯ ಕೆಲಸ. ಅಮ್ಮ ಇರಲಿಲ್ಲ, ಮರಿ ಹುಟ್ಟಿದ ಹೊಸದರಲ್ಲೇ ಹೋಗಿದ್ದಳು. ಅತ್ತೆಗೆ ಆಗಿನ್ನೂ ಮದುವೆಯ ಮಾತು ನಡೆಯುತ್ತಿದ್ದ ವಯಸ್ಸು.

ಅಪ್ಪ ತನಗೂ ಒಂದು ಚೀಲ ಮಾಡಿಕೊಂಡ. ಮಾರುವ ಚೀಲಗಳ ಮುಚ್ಚಳದ ಮೂಲೆಗಳನ್ನು ಗುಂಡಗೆ ಕತ್ತರಿಸುತ್ತಿದ್ದವನು ತನ್ನದಕ್ಕೆ ಒಂದು ಮೂಲೆಯನ್ನು ಮಾತ್ರ ಓರೆಯಾಗಿ ಹಾರಿಸಿದ. "ಯಾಕಣ್ಣ ಹೀಗೆ?" ಎಂದು ಅತ್ತೆ ಕೇಳಿದ್ದಕ್ಕೆ, "ಕದ್ದವನಿಗೆ ನಿದ್ದೆ ಬರಬಾರದು, ಅದಕ್ಕೆ," ಎಂದು ನಕ್ಕಿದ್ದ.

ಅದೇ ಚೀಲವನ್ನು ಸೀಟಿಗೆ ಬಿಗಿದುಕೊಂಡು, ಬಕಲ್ಲು ತರಲೆಂದು ಒಂದು ಬೆಳಿಗ್ಗೆ ಸೈಕಲ್ಲು ಹತ್ತಿದ. ಮರಿ ಅವತ್ತು ಬಾಗಿಲಲ್ಲಿ ಕೂತು ಹಾಲು ಕುಡಿಯುತ್ತಿದ್ದಳು. ಅಪ್ಪ ಕೈ ಬೀಸಿದನೋ ಇಲ್ಲವೋ, ಆಮೇಲೆ ಎಷ್ಟು ನೆನಪಿಸಿಕೊಂಡರೂ ಗೊತ್ತಾಗಲಿಲ್ಲ. ಬಕಲ್ಲೂ ಬರಲಿಲ್ಲ, ಅಪ್ಪನೂ ಬರಲಿಲ್ಲ. ಆಸ್ಪತ್ರೆ, ಪೊಲೀಸು, ಬಸ್‌ಸ್ಟ್ಯಾಂಡು ಎಲ್ಲ ಆಯಿತು. ಸೈಕಲ್ಲಿನ ಸುದ್ದಿ ಕೂಡ ಸಿಗಲಿಲ್ಲ.

ಹೊಟ್ಟೆ ಹೊರೆಯಬೇಕಲ್ಲ. ಅಪ್ಪ ಹೊಲಿದಿಟ್ಟಿದ್ದ ಚೀಲವೊಂದನ್ನು ಅತ್ತೆ ಬಿಚ್ಚಿದಳು. ದಾರ ಕಿತ್ತು, ಅದೇ ತೂತುಗಳಲ್ಲಿ ಮತ್ತೆ ಹೊಲಿದಳು. ಸರಿಹೋಗಲಿಲ್ಲ, ಬಿಚ್ಚಿದಳು. ಬೆರಳ ತುದಿಯಿಂದ ರಕ್ತ ಜಿನುಗಿ ಚರ್ಮದ ಮೇಲೆಲ್ಲ ಕಪ್ಪು ಕಲೆ. ಅಣ್ಣನ ಕೈ ಹೋದ ದಾರಿಯಲ್ಲೇ ತನ್ನ ಕೈಯೂ ಹೋಗುವವರೆಗೂ ಬಿಡಲಿಲ್ಲ. ಬಂದ ಗಂಡುಗಳಿಗೆ, "ಅಣ್ಣ ಬರಲಿ, ಅವನೇ ಮಾತಾಡ್ತಾನೆ," ಎಂದಳು. ಗಂಡುಗಳು ಬರುವುದು ನಿಂತಿತು.

ರಾತ್ರಿ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಬೀದಿಯಲ್ಲಿ ಸೈಕಲ್ ಬೆಲ್ಲಾದರೆ ಎರಡು ಸೂಜಿಯೂ ಗಾಳಿಯಲ್ಲೇ ನಿಲ್ಲುತ್ತಿದ್ದವು. ಬೆಲ್ಲು ದೂರ ಹೋದ ಮೇಲೆ ಮತ್ತೆ ಸರ್ರೆಂಬ ಸದ್ದು. ಹಾಗೆ ಆ ಮನೆಯಲ್ಲಿ ಇಬ್ಬರು ಬದುಕಿದರು. ಮೂರನೆಯವನ ಉಸಿರಿಗೆಂದು ಜಾಗ ಬಿಟ್ಟುಕೊಂಡು.

*

ಪೆಟ್ಟಿಗೆ ಹೊತ್ತ ಗಾಡಿ ನಿಧಾನವಾಗಿ ಸಾಗಿತು. ಹಿಂದೆ ನಡೆಯುವವರು ಹತ್ತು ಹದಿನೈದು ಜನ. ಎದುರಿನ ಸೈಕಲ್ ಶಾಪಿನ ಯಜಮಾನರು ಅಂಗಡಿ ಮುಚ್ಚಿಕೊಂಡು ಬಂದಿದ್ದರು.

"ಸೈಕಲ್ಲು ಗುಜರಿಗೆ ಹೋಗಿರುತ್ತೆ, ಚೀಲ ಮಾತ್ರ ಗುಂಡುಕಲ್ಲು," ಎಂದರು ಅವರು ಭಾವನಿಗೆ. "ಜನ ಅದನ್ನ ಬಿಚ್ಕೊಂಡು ಹೊಸ ಸೈಕಲ್ಲಿಗೆ ಕಟ್ಟೋರು. ನಾನೇ ಒಂದ್ಸಲ ಅಂದೆ, ಅಮ್ಮಾ, ಸ್ವಲ್ಪ ಕೆಟ್ಟದಾಗಿ ಹೊಲಿ, ಇಲ್ಲದಿದ್ರೆ ಮತ್ತೆ ಯಾರು ಕೊಳ್ತಾರೆ ಅಂತ. ಆಮೇಲೆ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ."

ಭಾವ ನಗಲು ಹೋಗಿ, ಗಾಡಿ ನೆನಪಾಗಿ, ಕೆಮ್ಮಿದ.

"ಅಣ್ಣನ್ನ ಒಂದ್ಸಲ ನೋಡಿ ಹೋಗಿದ್ರೆ ಜೀವಕ್ಕೆ ಸಮಾಧಾನ ಆಗ್ತಿತ್ತು," ಎಂದಳು ಟೈಲರಮ್ಮ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ಮರಿ, ಇನ್ನು ನೀನೊಬ್ಳೇ ಕಾಯಬೇಕಲ್ಲೇ."

ಮರಿ ಕಾಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಒಬ್ಬನ ಹೊರತು.

*

ಅವನು ಕನ್ನಡಕದ ಅಂಗಡಿಯಲ್ಲಿ ಅವಳ ಪಕ್ಕದ ಯಂತ್ರದ ಮುಂದೆ ಕೂರುತ್ತಿದ್ದ. ಮಾತು ಕಡಿಮೆ. ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಾಗ ನಾಲಗೆಯ ತುದಿ ಹೊರಗೆ ಬರುತ್ತಿತ್ತು. ಅದನ್ನು ನೋಡಿ ಮರಿಗೆ ನಗು. ಅವನಿಗೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದಾಗ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ, "ನೀನೂ ಬಂದ್ರೆ ಚೆನ್ನಾಗಿರುತ್ತೆ," ಎಂದ. ಅಷ್ಟೇ ಅವನ ಪ್ರೇಮ ನಿವೇದನೆ.

"ಅತ್ತೆ ಕಾಯ್ತಾ ಇದಾಳೆ," ಎಂದಳು ಮರಿ.

"ಊಟಕ್ಕಾ?"

"ಅಪ್ಪನಿಗೆ."

"ನೀನು?"

"ನಂಗೆ ಅಪ್ಪನ ಮುಖಾನೇ ಮರೆತುಹೋಗಿದೆ. ಆದ್ರೆ ನಾನೂ ಹೊರಟುಬಿಟ್ರೆ ಅವಳು ಒಬ್ಳೇ ಕೂತು ಹೇಗೆ ಕಾಯ್ತಾಳೆ, ಹೇಳು."

ವಿಷಯ ಹೇಗೋ ಅತ್ತೆಯ ಕಿವಿಗೆ ಬಿತ್ತು. ಅವಳು ಹೊಲಿಗೆ ನಿಲ್ಲಿಸಿ, "ಹೋಗು ಮರಿ," ಎಂದಳು. "ನೀನು ಹೋಗು. ನಿಮ್ಮಪ್ಪ... ನಿಮ್ಮಪ್ಪನ ವಿಷಯ..." ಎಂದವಳು ಬಾಯಿ ತೆರೆದುಕೊಂಡೇ ಇದ್ದಳು. ಆಮೇಲೆ, "ಬಂದ್ರೆ ಹೇಳಿ ಕಳಿಸ್ತೀನಿ," ಎಂದು ಮುಗಿಸಿದಳು. ಅವಳ ಕಣ್ಣು ತುಂಬಿತ್ತು. ಎಂಥ ದೊಡ್ಡ ಮನಸ್ಸು ಇವಳದು, ಎಂದುಕೊಂಡಳು ಮರಿ. ಇಂಥವಳನ್ನು ಬಿಟ್ಟು ಹೋಗುವುದುಂಟೇ.

ಹೋಗಲಿಲ್ಲ. ಅಂದಿನಿಂದ ಪ್ರತಿ ಸಂಜೆ ಮನೆಗೆ ಬಂದವಳೇ, "ಚಿಲಕ ಹಾಕಿಲ್ಲ ತಾನೆ ಅತ್ತೆ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು. ಆ ಮಾತು ಕೇಳಿದರೆ ಅತ್ತೆಯ ಜೀವಕ್ಕೆ ತಂಪು ಎಂದು ಅವಳ ಎಣಿಕೆ.

*

ಮಣ್ಣು ಹಾಕಿ ಮುಗಿಯಿತು. ಜನ ಕೈ ಕೊಡವಿಕೊಂಡು ಗೇಟಿನ ಕಡೆ ಹೊರಟರು. ಮರಿ ಹಿಂದುಳಿದಳು. ಆಗ ಕಂಡಿತು: ಗೋಡೆಯ ಬದಿಯಲ್ಲಿ ಸೈಕಲ್ಲು ಹಿಡಿದುಕೊಂಡು ನಿಂತ ಮುದುಕ. ಮುಖ ಅಷ್ಟಿಷ್ಟು ಗೊತ್ತು. ಊರೂರು ಸುತ್ತಿ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅತ್ತೆಯ ಉಳಿ, ಕತ್ತಿಗಳನ್ನು ಮಸೆದುಕೊಟ್ಟು ಹೋಗುತ್ತಿದ್ದ. ಮರಿ ಕೆಲಸದಿಂದ ಬರುವ ಹೊತ್ತಿಗೆ ಅವನು ತಿರುವಿನಲ್ಲಿ ಮರೆಯಾಗುತ್ತಿದ್ದದ್ದೇ ಹೆಚ್ಚು.

"ಗೊತ್ತಿರಲಿಲ್ಲಮ್ಮ," ಎಂದ ಅವನು. "ಅಂಗಡಿ ಹತ್ರ ಬಂದೆ. ಎದುರುಗಡೆ ಯಾರೋ ಹೇಳಿದ್ರು, ಎಲ್ಲಾ ಇಲ್ಲಿದಾರೆ ಅಂತ. ಇದರ ಪಟ್ಟಿ ಕಿತ್ತುಹೋಗಿತ್ತು, ಹೊಲಿಸ್ಕೊಂಡು ಹೋಗೋಣ ಅಂತ..."

ಅವನು ತೋರಿಸಿದ ಕಡೆ ಮರಿ ನೋಡಿದಳು. ಸೀಟಿನ ಹಿಂದೆ ಒಂದೇ ಪಟ್ಟಿಯಲ್ಲಿ ಜೋತುಬಿದ್ದ ಚೀಲ. ಹಳೆಯದಾಗಿ ಕಪ್ಪಡರಿ, ಕಲ್ಲಿನಂತೆ ನುಣುಪಾಗಿತ್ತು. ಮುಚ್ಚಳದ ಒಂದು ಮೂಲೆ ಗುಂಡಗೆ. ಇನ್ನೊಂದು ಓರೆ.

ಅವಳಿಗೆ ಮೊದಲು ಅನ್ನಿಸಿದ್ದು ಒಂದೇ: ಇವನೇ ಇರಬಹುದೇ. ಮುದುಕನ ಮುಖವನ್ನು, ಕಿವಿಯನ್ನು, ಹ್ಯಾಂಡಲ್ ಹಿಡಿದ ಬೆರಳುಗಳನ್ನು ಹಸಿದವಳ ಹಾಗೆ ನೋಡಿದಳು. ಅವನು ತಲೆ ಅಲ್ಲಾಡಿಸಿದ.

"ನಾನಲ್ಲ ತಾಯಿ. ನಾನು ಅವನ ಪಕ್ಕದ ಕೋಣೇಲಿದ್ದೋನು."

"ಎಲ್ಲಿದಾನೆ?"

ಮುದುಕ ಸೈಕಲ್ಲನ್ನು ಗೋಡೆಗೆ ಒರಗಿಸಿದ. "ಹಾಗಾದ್ರೆ ಚೀಲದಮ್ಮ ಹೇಳಲೇ ಇಲ್ವಾ?" ಎಂದ. "ಕೊನೇವರೆಗೂ?"

"ಏನು ಹೇಳಬೇಕಿತ್ತು?"

"ಅವನು ತೀರ್ಕೊಂಡು ಬಾಳ ಕಾಲ ಆಯ್ತಮ್ಮ. ಜ್ವರ. ಒಬ್ಬನೇ ಇದ್ದ, ಚಪ್ಪಲಿ ರಿಪೇರಿ ಮಾಡ್ಕೊಂಡು. ಬೇರೆ ಸಂಸಾರ ಗಿಂಸಾರ ಏನೂ ಇಲ್ಲ. ನಂಗೆ ಸೈಕಲ್ಲು ಕೊಟ್ಟು, ಚೀಲ ಬಿಚ್ಚಬೇಡ ಅಂದ. ಮುಂದೊಂದಿನ ಈ ಕಡೆ ಬಂದಾಗ ಬಕಲ್ಲು ಕಿತ್ತಿತ್ತು, ನಿಮ್ಮ ಅಂಗಡಿ ಕಂಡ್ತು, ಇಳಿದೆ. ಆಯಮ್ಮ ಚೀಲ ಕೈಗೆ ತಗೊಂಡೋಳು, ಹಾಗೇ ನೆಲದ ಮೇಲೆ ಕೂತ್ಬಿಟ್ಲು."

"ಯಾವಾಗ?"

"ಯಾವಾಗ ಅಂದ್ರೆ... ನೀನು ಬೀದಿ ತುದೀಲಿ ಬರ್ತಿದ್ದೆ. ಎರಡು ಜಡೆ ಹಾಕಿದ್ದೆ."

ಎರಡು ಜಡೆ. ಕನ್ನಡಕದ ಅಂಗಡಿಗೆ ಸೇರುವುದಕ್ಕೂ ಮೊದಲು. ಅವನು, ಆ ನಾಲಗೆ ಚಾಚುವವನು, ಇನ್ನೂ ಅವಳ ಬದುಕಿನಲ್ಲಿ ಬಂದೇ ಇರಲಿಲ್ಲ. ಮರಿ ತಿರುಗಿ ಹೊಸ ಮಣ್ಣನ್ನು ನೋಡಿದಳು. ಎರಡೂ ಕೈ ಹಾಕಿ ತೋಡಿ, ಅತ್ತೆಯ ಭುಜ ಹಿಡಿದು ಅಲುಗಿಸಿ, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಬೇಕೆನ್ನಿಸಿತು.

"ಯಾಕೆ ಹೇಳಲಿಲ್ಲ?" ಎಂದಳು.

"ಪ್ರತಿ ಸಲವೂ ಹೇಳ್ತೀನಿ ಅನ್ನೋಳಮ್ಮ. ಮುಂದಿನ ಸಲದ ಹೊತ್ತಿಗೆ ಹೇಳಿರ್ತೀನಿ ಅಂತ. ಬಂದು ಕೇಳಿದ್ರೆ ತಲೆ ತಗ್ಗಿಸೋಳು. ಹುಡುಗಿ ಅಪ್ಪನ್ನ ಬಿಟ್ಟಿಲ್ಲ ಅನ್ನೋಳು. ಸಂಜೆ ಬಂದ ತಕ್ಷಣ ಚಿಲಕ ಹಾಕಿಲ್ಲ ತಾನೆ ಅಂತ ಕೇಳ್ತಾಳೆ, ಅದನ್ನ ಕೇಳಿದ ಮೇಲೆ ಬಾಯಿ ಬರಲ್ಲ ಅನ್ನೋಳು. ಅವಳಿಗೋಸ್ಕರ ಬಾಗಿಲು ತೆಗೆದೇ ಇಟ್ಟಿದೀನಿ ಅಂತ."

ಗಾಳಿ ಬೀಸಿತು. ದೂರದಲ್ಲಿ ಟೈಲರಮ್ಮ ಗೇಟಿನ ಬಳಿ ನಿಂತು, "ಮರೀ, ಬಾರೇ," ಎಂದು ಕೂಗಿದಳು.

ಮರಿ ಅತ್ತ ನೋಡದೆ ಕೇಳಿದಳು: "ಯಾಕೆ ಹೋದನಂತೆ ಅವನು? ಅದನ್ನಾದ್ರೂ ಹೇಳಿದ್ನಾ?"

"ನಾನೂ ಕೇಳಿದ್ದೆ. ಊರು ದಾಟಿದ ಮೇಲೆ ಇಳಿಜಾರು ಇತ್ತಂತೆ. ನಾನು ತುಳೀಲೇ ಇಲ್ಲ ಮಾರಾಯ, ಸೈಕಲ್ಲು ತಾನೇ ಹೋಯ್ತು, ಎಲ್ಲಿ ನಿಲ್ಲುತ್ತೋ ನೋಡೋಣ ಅಂತ ಕೂತಿದ್ದೆ ಅನ್ನೋನು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ವಾಪಸ್ಸು ಬರೋಕೆ ಏರು ಹತ್ತಬೇಕಲ್ಲ ಅಂದ್ರೆ ನಗೋನು. ನಕ್ಕು, ಗೋಡೆ ಕಡೆ ತಿರುಗಿ ಮಲಗೋನು."

*

ಮನೆ ತುಂಬ ಜನ. ಒಳಕೋಣೆಯಲ್ಲಿ ಚಾಪೆ ಹಾಸಿ, ಟೈಲರಮ್ಮ ಎಲ್ಲರಿಗೂ ಚಹಾ ಹಂಚುತ್ತಿದ್ದಳು. ಜಾಗ ಸಾಲದೆ ಯಾರೋ ಅಪ್ಪನ ಸ್ಟೂಲನ್ನು ಒಳಗೆ ತಂದು ಅದರ ಮೇಲೆ ಕೆಟಲ್ಲು ಇಟ್ಟಿದ್ದರು. ಈ ಸಲ ಯಾರೂ ಏನೂ ಅನ್ನಲಿಲ್ಲ. ಲಾರಿಭಾವ ಚಿಕ್ಕಮ್ಮನ ಕೈಯಲ್ಲಿ ಸಣ್ಣವನಿದ್ದಾಗ ತಿಂದ ಏಟಿನ ಕತೆ ಶುರು ಮಾಡಿದ್ದ. ಎಲ್ಲರೂ ಮೆಲ್ಲಗೆ ನಗುತ್ತಿದ್ದರು.

ಸಾಣೆಯ ಮುದುಕ ಹೊಸಿಲಿನಾಚೆ ನಿಂತಿದ್ದ.

"ಬಿಚ್ಚಿ ಕೊಡಿ ಚೀಲ," ಎಂದಳು ಮರಿ.

"ಇವತ್ತು ಬೇಡಮ್ಮ. ಹಗ್ಗದಲ್ಲಿ ಕಟ್ಕೊಳ್ತೀನಿ."

"ಕೊಡಿ."

ಅವಳು ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದು ನಡುವಿನ ಬಾಗಿಲನ್ನು ಎಳೆದುಕೊಂಡಳು. ಮೇಜು ಇನ್ನೂ ಅಡ್ಡಾದಿಡ್ಡಿಯಾಗಿ ನಿಂತಿತ್ತು. ಅದರ ಮುಂದೆ ಅತ್ತೆಯ ಬೆಂಚು ಎಳೆದುಕೊಂಡು ಕೂತಳು. ಚೀಲವನ್ನು ಮಗುಚಿ ಹೊಲಿಗೆ ನೋಡಿದಳು. ಪಕ್ಕದ ಅಂಚಿನುದ್ದಕ್ಕೂ ಅಪ್ಪನ ಹೊಲಿಗೆ, ಸಣ್ಣದಾಗಿ, ಎಡಕ್ಕೆ ವಾಲಿತ್ತು. ನಡುನಡುವೆ, ದಾರ ಸವೆದ ಕಡೆಯೆಲ್ಲ, ಅತ್ತೆಯದು. ಅತ್ತೆ ಹೊಸ ತೂತು ಒಂದನ್ನೂ ಚುಚ್ಚಿರಲಿಲ್ಲ. ಆದರೆ ಅವಳ ದಾರ ಬಿಗಿದಷ್ಟು ಅಪ್ಪನ ದಾರ ಬಿಗಿದಿರಲಿಲ್ಲ. ಒಂದೊಂದು ಕಡೆ ತೂತಿನ ಅಂಚೇ ಸೀಳುವಷ್ಟು ಎಳೆದಿದ್ದಳು. ಸತ್ತ ಅಣ್ಣನ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕಿವಿಯನ್ನು ಬೀದಿಯ ತುದಿಗೆ, ಮರಿಯ ಹೆಜ್ಜೆಗೆ ಕೊಟ್ಟು, ಎಷ್ಟು ಮಧ್ಯಾಹ್ನ ಹೀಗೆ ಎಳೆದಳೋ.

ಸಿಟ್ಟು ಹಾಗೇ ಇತ್ತು. ಅಳುವೂ ಇತ್ತು.

ಮರಿ ಈ ಕೆಲಸ ಕಲಿತವಳಲ್ಲ. ಅತ್ತೆ ಕಲಿಸಲೂ ಇಲ್ಲ. "ಇದು ನಿನಗೆ ಬೇಡ," ಎನ್ನುತ್ತಿದ್ದಳು. ಆದರೆ ಹುಟ್ಟಿದಾಗಿನಿಂದ ನೋಡಿದ್ದು ಕೈಗೆ ತಾನಾಗಿ ಬಂತು. ದಾರವನ್ನು ಮೇಣದ ಮೇಲೆ ಎಳೆದಳು. ಎರಡೂ ತುದಿಗೆ ಸೂಜಿ ಪೋಣಿಸಿದಳು. ಇಕ್ಕಳವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿ, ಕಿತ್ತ ಪಟ್ಟಿಯನ್ನು ಚೀಲದ ಬೆನ್ನಿಗೆ ಕೂಡಿಸಿ ಕಚ್ಚಿಸಿದಳು. ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ. ಮೊದಲ ಸಲ ಸೂಜಿ ದಾರಕ್ಕೇ ಚುಚ್ಚಿತು. ಹಿಂದಕ್ಕೆ ತೆಗೆದಳು. ಎರಡನೆಯ ಸಲ ದಾಟಿತು. ಕೈ ಚಾಚಿ ಎಳೆದಳು. ಸರ್ರ್.

ಆ ಸದ್ದಿಗೆ ಅವಳ ಮೈಯ ರೋಮವೆಲ್ಲ ನಿಮಿರಿತು. ನಿಲ್ಲಿಸಲಿಲ್ಲ. ತೂತಿನಿಂದ ತೂತಿಗೆ ಹೋದಳು. ಕಿಟಕಿಯ ಬೆಳಕು ಮೇಜಿನಿಂದ ಇಳಿದು ನೆಲಕ್ಕೆ ಹೋಗಿತ್ತು. ಕೊನೆಯ ಗಂಟನ್ನು ಒಳಗೆ ಎಳೆದು, ಹೊಲಿಗೆ ಮಟ್ಟವಾಗಲೆಂದು ಅತ್ತೆಯ ಸಣ್ಣ ಸುತ್ತಿಗೆ ತೆಗೆದುಕೊಂಡು, ಅವಳು ದಿನವೂ ಬಡಿಯುತ್ತಿದ್ದ ಹಾಗೆ ಮೆಲ್ಲಗೆ ಬಡಿಯತೊಡಗಿದಳು. ಟಕ್ ಟಕ್. ಟಕ್ ಟಕ್.

ಒಳಗಿನ ಮಾತು, ನಗು ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ. ಮನೆ ನಿಶ್ಶಬ್ದವಾಗಿದೆ ಎಂದು ಅರಿವಾದಾಗ ಅವಳೂ ಸುತ್ತಿಗೆಯನ್ನು ಹಾಗೇ ಹಿಡಿದಳು.

ನಡುವಿನ ಬಾಗಿಲು ನಿಧಾನವಾಗಿ ತೆರೆಯಿತು. ಟೈಲರಮ್ಮ ನಿಂತಿದ್ದಳು, ಮುಖದಲ್ಲಿ ರಕ್ತವಿಲ್ಲ. ಅವಳ ಹಿಂದೆ ಭಾವ, ಸೈಕಲ್ ಶಾಪಿನವರು, ಇನ್ನೂ ಯಾರು ಯಾರೋ, ಒಬ್ಬರ ಹೆಗಲ ಮೇಲಿಂದ ಒಬ್ಬರು. ಯಾರೂ ಹೊಸಿಲು ದಾಟಲಿಲ್ಲ. ಅರೆಗತ್ತಲಲ್ಲಿ ಮೇಜಿನ ಮೇಲೆ ಬಾಗಿದ ಬೆನ್ನನ್ನೇ ಎಲ್ಲರೂ ನೋಡುತ್ತಿದ್ದರು.

ಮರಿ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದಳು.

"ನಾನೇ," ಎಂದಳು.

ಆಮೇಲೂ ಟೈಲರಮ್ಮನ ಕೈಯ ಲೋಟದಿಂದ ಚಹಾ ತುಳುಕಿ ತುಳುಕಿ ಹಾಸುಗಲ್ಲಿನ ಮೇಲೆ ಬೀಳುತ್ತಿತ್ತು.